ಎರಡು ಹೊತ್ತಿನ ಮಾತ್ರೆ

ಚೆಂಬೂರಿನ ಸ್ಟೇಷನ್ ರಸ್ತೆಯ ಒಂದು ಮೆಡಿಕಲ್ ಅಂಗಡಿಯಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಫಾರ್ಮಸಿಸ್ಟ್ ಆಗಿ ನಿಂತಿದ್ದೇನೆ. ನಿಂತಿದ್ದೇನೆ ಎಂಬ ಮಾತನ್ನು ಬೇಕೆಂದೇ ಬರೆದೆ. ನಮ್ಮ ಕಸುಬಿನಲ್ಲಿ ಎಷ್ಟೋ ಜನರ ಸರ್ಟಿಫಿಕೇಟು ಮಾತ್ರ ಅಂಗಡಿಯ ಗೋಡೆಯ ಮೇಲೆ ತೂಗುತ್ತಿರುತ್ತದೆ, ಮನುಷ್ಯರು ಬೇರೆಲ್ಲೋ ಇರುತ್ತಾರೆ. ನಾನು ಬೆಳಿಗ್ಗೆ ಒಂಬತ್ತಕ್ಕೆ ಬಂದು ಕೌಂಟರಿನ ಹಿಂದೆ ನಿಂತರೆ ಮಧ್ಯಾಹ್ನ ಊಟಕ್ಕೆ ಮನೆಗೆ, ಸಂಜೆ ಐದಕ್ಕೆ ಮತ್ತೆ ಅಲ್ಲೇ. ಹಾಸನದಲ್ಲಿ ಡಿ.ಫಾರ್ಮಾ ಓದಿ, ಮದುವೆಯಾಗಿ ಈ ಊರಿಗೆ ಬಂದವಳು. ಅಂಗಡಿಯ ಯಜಮಾನರು ಕಛ್ ಕಡೆಯವರು, ವಯಸ್ಸಾದವರು. ಎಲ್ಲರೂ ಅವರನ್ನು ಸೇಠ್ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ.

ಆ ಹುಡುಗಿ ಮೊದಲ ಸಲ ಬಂದದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ. ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸು. ಕೊರಳಲ್ಲಿ ಕರಿಮಣಿ ಇನ್ನೂ ಹೊಸದು. ಬೇರೆ ಗಿರಾಕಿಗಳೆಲ್ಲ ಹೋಗುವವರೆಗೂ ಛತ್ರಿ ಮಡಚಿಕೊಂಡು ಒಂದು ಪಕ್ಕಕ್ಕೆ ನಿಂತಿದ್ದಳು. ಆಮೇಲೆ ಮುಂದೆ ಬಂದು, ಅಂಗೈ ಬಿಚ್ಚಿ, ಹರಿದ ಸ್ಟ್ರಿಪ್ಪಿನ ಒಂದು ಚೂರು ತೋರಿಸಿ, ಇದು ಎರಡು ಕೊಡಿ ಎಂದು ಹಿಂದಿಯಲ್ಲಿ ಕೇಳಿದಳು. ನೋಡಿದೆ. ಫಿಟ್ಸ್‌ಗೆ ಕೊಡುವ ಮಾತ್ರೆ, ದಿನಕ್ಕೆ ಎರಡು ಹೊತ್ತು ತಪ್ಪದೆ ತೆಗೆದುಕೊಳ್ಳಬೇಕಾದದ್ದು. ಯಾರಿಗೆ ಎಂದು ಕೇಳಿದೆ. ನನಗೇ ಎಂದಳು. ಆ ಹಿಂದಿಯಲ್ಲಿ ಉಡುಪಿ ಕಡೆಯ ರಾಗ ಇತ್ತು.

"ಯಾವ ಊರಮ್ಮ ನಿಂದು?" ಎಂದು ಕನ್ನಡದಲ್ಲಿ ಕೇಳಿಬಿಟ್ಟೆ.

ಊರಿಂದ ದೂರ ಬಂದವರು ಕನ್ನಡ ಕೇಳಿದರೆ ಸಾಮಾನ್ಯವಾಗಿ ಮುಖ ಅರಳುತ್ತದೆ. ಅವಳ ಮುಖ ಬಿಳಿಚಿಕೊಂಡಿತು. ಚೂರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಚೆಂಬೂರಿನಲ್ಲಿ ನಮ್ಮ ಜನರ ಮಾತು ಒಂದು ಬಿಲ್ಡಿಂಗಿನಿಂದ ಇನ್ನೊಂದಕ್ಕೆ, ಅಲ್ಲಿಂದ ಭಜನಾ ಮಂಡಳಿಗೆ ಎಷ್ಟು ಬೇಗ ಹೋಗುತ್ತದೆ ಎಂಬುದು ಮದುವೆಯಾಗಿ ಬಂದ ಮೂರೇ ತಿಂಗಳಲ್ಲಿ ಅವಳಿಗೆ ಗೊತ್ತಾಗಿತ್ತು.

"ನಾನು ಯಾರಿಗೂ ಹೇಳಲ್ಲ ಕಣಮ್ಮ. ಔಷಧಿ ಅಂಗಡೀಲಿ ಕೇಳಿದ್ದು ಅಂಗಡೀಲೇ ಇರುತ್ತೆ," ಎಂದೆ.

ಹೊರಗೆ ಮಳೆ ಜೋರಾಯಿತು. ಅದಕ್ಕೇ ಇರಬೇಕು, ಅವಳು ಹೋಗಲಿಲ್ಲ.

ಹನ್ನೊಂದನೇ ವಯಸ್ಸಿನಿಂದ ಅವಳಿಗೆ ಫಿಟ್ಸ್ ಇತ್ತು. ಈ ಮಾತ್ರೆ ಶುರು ಮಾಡಿದ ಮೇಲೆ ನಿಂತಿತ್ತು, ಮೂರು ವರ್ಷದಿಂದ ಒಮ್ಮೆಯೂ ಬಂದಿರಲಿಲ್ಲ. ಮದುವೆ ಗೊತ್ತಾದಾಗ ತಂದೆತಾಯಿ ಗಂಡಿನವರಿಗೆ ಏನೂ ಹೇಳಲಿಲ್ಲ. ಗುಣವಾಗಿದೆಯಲ್ಲ, ಹೇಳಿ ಯಾಕೆ ಹಾಳು ಮಾಡಿಕೊಳ್ಳುವುದು ಎಂದರಂತೆ. ಪೌಡರಿನ ಡಬ್ಬದಲ್ಲಿ ಪೌಡರ್ ಖಾಲಿ ಮಾಡಿ ಮೂರು ತಿಂಗಳಿಗಾಗುವಷ್ಟು ಮಾತ್ರೆ ತುಂಬಿಸಿ ಕಳಿಸಿದ್ದರು. ಅದು ಮುಗಿದಿತ್ತು.

"ಎರಡು ಯಾಕೆ? ಒಂದು ಸ್ಟ್ರಿಪ್ ತಗೊಂಡು ಹೋಗು," ಎಂದೆ.

"ಇಡ್ಲಿಕ್ಕೆ ಜಾಗ ಇಲ್ಲ ಅಕ್ಕ. ಚಾಳಿನಲ್ಲಿ ಒಂದೇ ರೂಮು. ಒಂದು ಕಪಾಟು, ಅದರ ಬೀಗ ಅತ್ತೆ ಹತ್ರ. ನಾನು ಸ್ನಾನಕ್ಕೆ ಹೋದ್ರೆ ನನ್ನ ಬ್ಯಾಗು ಅಲ್ಲೇ ಹೊರಗೆ ಇರ್ತದೆ."

ಚೀಟಿ ಕೇಳಿದೆ. ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಊರಿನ ಡಾಕ್ಟರು ಬರೆದದ್ದು, ಮೂರು ವರ್ಷ ಹಳೆಯದು. ಪಾಲಿಕೆಯ ಆಸ್ಪತ್ರೆಗೆ ಹೋಗಿ ಒಮ್ಮೆ ತೋರಿಸಿಕೊಂಡು ಬಾ, ಹೊಸ ಚೀಟಿ ಬರೆಸಿಕೊಂಡು ಬಾ ಎಂದೆ. ಅವಳು ನಕ್ಕಳು, ಅಳುವವರ ಹಾಗೆ. "ಒಬ್ಬಳೇ ಹೇಗೆ ಹೋಗುದು? ಎಲ್ಲಿಗೆ ಅಂತ ಹೇಳುದು?"

ಅಂಥ ಹಳೆಯ ಚೀಟಿಗೆ ಕೊಡಕೂಡದು ಎಂದು ನನಗೆ ಗೊತ್ತಿತ್ತು. ಕೊಡದಿದ್ದರೆ ಆ ಸಂಜೆಯ ಮಾತ್ರೆ ಅವಳಿಗೆ ಇಲ್ಲ ಎಂಬುದೂ ಗೊತ್ತಿತ್ತು. ಕೊಟ್ಟೆ. ಕೊಡುವಾಗ ಒಂದು ಮಾತನ್ನೂ ಸೇರಿಸಿದೆ: "ಮಿಕ್ಕಿದ್ದು ನನ್ನ ಹತ್ರ ಇರಲಿ. ಎರಡು ಹೊತ್ತೂ ಬಂದು ಇಲ್ಲೇ ನುಂಗಿ ಹೋಗು."

ಹೀಗೆ ಶುರುವಾಯಿತು. ಬೆಳಿಗ್ಗೆ ಹತ್ತರ ಹೊತ್ತಿಗೆ ಕೊತ್ತಂಬರಿಯೋ ತೆಂಗಿನಕಾಯಿಯೋ ತರುವ ನೆಪದಲ್ಲಿ ಬರುತ್ತಿದ್ದಳು. ಸಂಜೆ ಏಳಕ್ಕೆ ಹಾಲಿನ ನೆಪ. ನಾನು ಕೆಳಗಿನ ಡ್ರಾಯರಿನಿಂದ ಅವಳ ಸ್ಟ್ರಿಪ್ ತೆಗೆದು, ಒಂದು ಮಾತ್ರೆ ಬಿಡಿಸಿ, ನನ್ನ ನೀರಿನ ಬಾಟಲಿ ಕೊಡುತ್ತಿದ್ದೆ. ಅವಳು ಅಂಗಡಿಯ ಒಳಬಾಗಿಲಿನ ಹತ್ತಿರ ತಿರುಗಿ ನಿಂತು ನುಂಗಿ, ಬಾಯಿ ಒರೆಸಿಕೊಂಡು ಹೋಗುತ್ತಿದ್ದಳು. ಭಾನುವಾರ ಸಂಜೆ ಅಂಗಡಿ ಮುಚ್ಚಿರುತ್ತಿತ್ತು. ಅಂದಿನದನ್ನು ಬೆಳಿಗ್ಗೆಯೇ ಕೊಡುತ್ತಿದ್ದೆ, ಅವಳು ಶಾಲಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಮೊದಲ ಭಾನುವಾರ ಬಿಡಿಸಿದ ಮಾತ್ರೆ ಕೊಟ್ಟೆ. ಮಳೆಗಾಲದ ತೇವಕ್ಕೆ ಅದು ಸಂಜೆಯ ಹೊತ್ತಿಗೆ ಹಿಟ್ಟಿನ ಮುದ್ದೆಯಾಗಿತ್ತಂತೆ. ಆ ಮಾತ್ರೆಯ ಗುಣವೇ ಹಾಗೆ, ಗಾಳಿಯ ನೀರು ಹೀರಿಕೊಳ್ಳುತ್ತದೆ. ಆಮೇಲಿನಿಂದ ಕತ್ತರಿಯಲ್ಲಿ ಸುತ್ತಲೂ ಕತ್ತರಿಸಿ, ಕವಚದ ಸಮೇತ ಕೊಡತೊಡಗಿದೆ.

ಸೇಠ್ ಎಲ್ಲವನ್ನೂ ನೋಡುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ಒಮ್ಮೆ ಮಾತ್ರ, ಪೇಪರಿನಿಂದ ತಲೆ ಎತ್ತದೆ, "ಈ ಹುಡುಗಿಗೆ ಬಾಯಾರಿಕೆ ಬಹಳ," ಎಂದರು.

ಎರಡು ನಿಮಿಷದ ಭೇಟಿ. ಆದರೆ ದಿನಕ್ಕೆ ಎರಡು ಸಲ, ತಿಂಗಳುಗಟ್ಟಲೆ. ಆ ಎರಡೆರಡು ನಿಮಿಷದಲ್ಲೇ ಅವಳ ಮನೆ ನನಗೆ ಪರಿಚಯವಾಯಿತು. ಗಂಡ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿದ್ದ. ಸಪ್ಲೈಯರ್ ಆಗಿ ಸೇರಿ ಈಗ ಗಿರಾಕಿಗಳನ್ನು ಕೂರಿಸಿ ಆರ್ಡರ್ ಬರೆದುಕೊಳ್ಳುವ ಕ್ಯಾಪ್ಟನ್ ಆಗಿದ್ದ. ಬೆಳಗಿನ ಮೊದಲ ಲೋಕಲ್ ರೈಲಿಗೆ ಹೋದರೆ, ಕುರ್ಲಾ, ದಾದರ್ ಎರಡು ಕಡೆ ಬದಲಿಸಿ, ರಾತ್ರಿ ಬರುವುದು ಅವಳು ಅಡುಗೆ ಮುಗಿಸಿ ಕಾದು ಕುಳಿತ ಮೇಲೆಯೇ. ಒಳ್ಳೆಯವನು ಎನ್ನುತ್ತಿದ್ದಳು. ಅತ್ತೆಯೂ ಕೆಟ್ಟವರಲ್ಲ ಎನ್ನುತ್ತಿದ್ದಳು. "ಶುಕ್ರವಾರ ತಲೆಗೆ ಎಣ್ಣೆ ಹಾಕಿ ತಿಕ್ಕುತ್ತಾರೆ ಅಕ್ಕ. ನನ್ನ ಅಮ್ಮನೂ ಹಾಗೆ ತಿಕ್ಕಿದ್ದಿಲ್ಲ." ಹಾಗಿದ್ದ ಮೇಲೆ ಹೇಳಿಬಿಡಬಾರದೇ ಎಂದರೆ ಬೇಡವೆಂದು ತಲೆ ಆಡಿಸಿ, ಚೀಲ ಎತ್ತಿಕೊಂಡು ಹೊರಡುತ್ತಿದ್ದಳು.

ನನಗೆ ಹೆಮ್ಮೆಯಾಗುತ್ತಿತ್ತು. ನಮ್ಮ ಕೆಲಸದಲ್ಲಿ ಹೆಮ್ಮೆಪಡುವ ಸಂದರ್ಭ ಕಡಿಮೆ. ಬಿಪಿ ಮಾತ್ರೆ ತಲೆ ಸುತ್ತಿದ ದಿನ ಮಾತ್ರ ನುಂಗುವವರು, ಐದು ದಿನದ ಔಷಧಿಯನ್ನು ಜ್ವರ ಬಿಟ್ಟ ಕೂಡಲೇ ಎರಡನೇ ದಿನಕ್ಕೆ ನಿಲ್ಲಿಸುವವರು, ಪಕ್ಕದ ಮನೆಯವರಿಗೆ ಆದದ್ದು ನಮಗೂ ಆಗುತ್ತದೆ ಎಂದು ಅವರ ಸ್ಟ್ರಿಪ್ ಹಿಡಿದು ಬರುವವರು, ಇವರ ನಡುವೆಯೇ ನಮ್ಮ ದಿನ ಕಳೆಯುತ್ತದೆ. ಹೇಳಿ ಹೇಳಿ ಬಾಯಿ ಸೋಲುತ್ತದೆ. ಇವಳೊಬ್ಬಳು ನೀರು ಮೊಳಕಾಲಿಗೆ ಬಂದ ದಿನವೂ, ಲೋಕಲ್ ನಿಂತ ದಿನವೂ, ಬಟ್ಟೆ ಮೇಲೆತ್ತಿ ಹಿಡಿದು ಮಾತ್ರೆಗಾಗಿ ನಡೆದು ಬಂದವಳು. ಒಂದೂವರೆ ವರ್ಷ ಒಂದು ಹೊತ್ತೂ ತಪ್ಪಲಿಲ್ಲ.

ಈಗ ಹೇಳಬೇಕಾದ ಮಾತು ಕಷ್ಟದ್ದು. ಆ ಮಾತ್ರೆಯ ಪೆಟ್ಟಿಗೆಯೊಳಗೆ ಮಡಚಿಟ್ಟ ಕಾಗದ ಇರುತ್ತದೆ, ಇರುವೆಯ ಸಾಲಿನಂಥ ಅಕ್ಷರ. ಹೆರುವ ವಯಸ್ಸಿನ ಹೆಂಗಸರಿಗೆ ಇದನ್ನು ಸುಮ್ಮನೆ ಕೊಡಬಾರದು, ಹೊಟ್ಟೆಯಲ್ಲಿರುವ ಮಗುವಿಗೆ ಹಾನಿಯಾಗಬಹುದು, ಡಾಕ್ಟರು ನೋಡಿ ತೀರ್ಮಾನಿಸಬೇಕು ಎಂದು ಅದರಲ್ಲಿ ಬರೆದಿರುತ್ತದೆ. ನಾನು ಅದನ್ನು ಓದಿದ್ದೆ. ಮದುವೆಯಾಗಿ ಒಂದು ವರ್ಷ ದಾಟಿದ ಮೇಲೆ ಅತ್ತೆ ಅವಳನ್ನು ದೇವಸ್ಥಾನಗಳಿಗೆ ಕರೆದುಕೊಂಡು ಹೋಗಲು ಶುರು ಮಾಡಿದ್ದರು. ಮಗುವಿಗಾಗಿ ಹರಕೆ. ಹೂವಿನ ಪ್ರಸಾದ ಮುಡಿದುಕೊಂಡು ನನ್ನ ಕೌಂಟರಿಗೆ ಬಂದು ಇವಳು ಮಾತ್ರೆ ನುಂಗಿ ಹೋಗುತ್ತಿದ್ದಳು. ಡಾಕ್ಟರ ಹತ್ತಿರ ಹೋಗು ಎಂದು ನಾನು ಎರಡು ಸಲ, ಮೂರು ಸಲ ಹೇಳಿದೆ. ಅವಳು ತಲೆ ತಗ್ಗಿಸಿದಳು. ಕಾಗದದಲ್ಲಿದ್ದದ್ದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಹೆದರಿ ಮಾತ್ರೆಯನ್ನೇ ಬಿಟ್ಟಾಳು ಎಂದುಕೊಂಡೆ. ಅದು ನಿಜವೂ ಹೌದು. ಆದರೆ ನಾನು ಕಟ್ಟಿದ ಈ ವ್ಯವಸ್ಥೆ ಮುರಿಯುವುದು ನನಗೂ ಬೇಡವಾಗಿತ್ತು ಎಂಬುದೂ ಅಷ್ಟೇ ನಿಜ. ನಾಲ್ಕನೇ ಸಲ ಹೇಳಲೇ ಇಲ್ಲ.

ಡಿಸೆಂಬರಿನಲ್ಲಿ ಹಾಸನದಲ್ಲಿ ತಂಗಿಯ ಮಗಳ ಮದುವೆ. ಒಂಬತ್ತು ದಿನ ರಜೆ ಹಾಕಿದೆ. ಅಷ್ಟು ದಿನ ಮಾತ್ರೆಯನ್ನು ಸೇಠ್ ಕೈಲಿ ಕೊಡಿಸುತ್ತೇನೆ, ಅವರು ಮಾತನಾಡುವವರಲ್ಲ ಎಂದರೆ ಅವಳು ಒಪ್ಪಲಿಲ್ಲ. ಗಂಡಸರಿಗೆ ಗೊತ್ತಾಗುವುದು ಬೇಡ ಎಂದಳು. ಕೊನೆಗೆ ಹದಿನೆಂಟು ಮಾತ್ರೆಗಳನ್ನು ಒಂದೊಂದಾಗಿ ಕವಚದ ಸಮೇತ ಕತ್ತರಿಸಿ, ಬಟ್ಟೆಯ ಚೂರಿನಲ್ಲಿ ಕಟ್ಟಿ ಕೊಟ್ಟೆ. ಎಲ್ಲಿಡುತ್ತೀಯ ಎಂದು ಕೇಳಿದೆ.

"ಉದ್ದಿನಬೇಳೆ ಡಬ್ಬದ ಅಡಿಯಲ್ಲಿ. ಐದು ಕಿಲೋ ತಂದು ತುಂಬಿಸಿದ್ದಷ್ಟೆ ಅಕ್ಕ, ಅಡಿ ಕಾಣ್ಲಿಕ್ಕೆ ಎರಡು ತಿಂಗಳು ಬೇಕು."

ಮದುವೆ ಚೆನ್ನಾಗಿ ನಡೆಯಿತು. ನಾನು ಹಿಂದಿರುಗಿ ಅಂಗಡಿಗೆ ಬಂದ ದಿನ ಬೆಳಿಗ್ಗೆ ಹತ್ತಾಯಿತು, ಹನ್ನೊಂದಾಯಿತು, ಅವಳು ಬರಲಿಲ್ಲ. ಸಂಜೆಯೂ ಇಲ್ಲ. ಅವಳ ಫೋನ್ ನಂಬರು ನನ್ನ ಹತ್ತಿರ ಇತ್ತು, ಆದರೆ ನಾನಾಗಿ ಎಂದೂ ಮಾಡಕೂಡದೆಂಬ ಮಾತಾಗಿತ್ತು. ಮಾರನೇ ದಿನವೂ ಇಲ್ಲ. ಔಷಧಿ ಕೊಡುವಾಗ ಕೈ ಗಿರಾಕಿಯ ಕಡೆ, ಕಣ್ಣು ರಸ್ತೆಯ ಕಡೆ.

ಮೂರನೇ ದಿನ ಬಂದವನು ಅವಳ ಗಂಡ. ನಾನು ಅವನನ್ನು ನೋಡಿರಲಿಲ್ಲ. ಬಿಳಿ ಶರ್ಟು ಹಾಕಿದ, ಎರಡು ದಿನ ಗಡ್ಡ ಬಿಟ್ಟ ಮನುಷ್ಯ ಕೌಂಟರಿನ ಮೇಲೆ ಒಂದು ವಸ್ತು ಇಟ್ಟ. ನಾನೇ ಕತ್ತರಿಸಿದ ಚೌಕ, ಒಳಗೆ ಮಾತ್ರೆ ಇನ್ನೂ ಹಾಗೇ ಇತ್ತು. ಒಂದು ಬೇಳೆಕಾಳು ಅದಕ್ಕೆ ಅಂಟಿಕೊಂಡಿತ್ತು.

"ಇದು ಎಂತದ್ದು ಮಾತ್ರೆ ಮೇಡಂ?"

"ಎಲ್ಲಿ ಸಿಕ್ಕಿತು?" ಎಂದೆ.

"ನನ್ನ ಹೆಂಡತಿ ಹತ್ರ. ಇಲ್ಲಿಗೆ ಬರ್ತಾ ಇದ್ಳು ಅಂತ ಪಕ್ಕದ ಮನೆಯವರು ಹೇಳಿದ್ರು. ಮಕ್ಕಳಾಗದ ಹಾಗೆ ತಿನ್ನುವ ಮಾತ್ರೆಯಾ ಇದು?" ಅವನ ದನಿ ಏರಲಿಲ್ಲ. "ಮೂರು ದಿನದ ಹಿಂದೆ ಅವಳಿಗೆ ಫಿಟ್ಸ್ ಬಂತು. ದೋಸೆ ಹಾಕ್ತಾ ಇದ್ಳು. ಕೈ ಕಾವಲಿ ಮೇಲೆ ಬಿದ್ದಿದೆ. ಆಸ್ಪತ್ರೆಯಲ್ಲಿದ್ದಾಳೆ. ಈ ಮಾತ್ರೆ ತಿಂದೇ ಹಾಗಾಯ್ತು ಅಂತ ಅಮ್ಮ ಹೇಳ್ತಾರೆ. ಹೌದಾ?"

ಒಂದೇ ಮಾತಿನಲ್ಲಿ ಅವನ ಸಂಶಯ ಪರಿಹರಿಸಬಹುದಿತ್ತು. ಆ ಮಾತು ನನ್ನದಾಗಿರಲಿಲ್ಲ.

"ಡಾಕ್ಟರಿಗೆ ಈ ಮಾತ್ರೆ ತೋರಿಸಿದ್ರಾ?"

"ಇಲ್ಲ. ಮೊದಲು ಯಾವತ್ತಾದ್ರೂ ಬಂದಿತ್ತಾ, ಎಂತಾದ್ರೂ ಔಷಧಿ ತಕ್ಕೊಳ್ತೀಯಾ ಅಂತ ಅವರು ಕೇಳಿದ್ರು. ಇಲ್ಲ ಅಂತ ಹೇಳಿದ್ಳು."

ಆಸ್ಪತ್ರೆಯ ಹಾಸಿಗೆಯ ಮೇಲೆ, ಸುಟ್ಟ ಕೈ ಇಟ್ಟುಕೊಂಡೂ ಅವಳು ಇಲ್ಲ ಎಂದಿದ್ದಳು. ನಾನು ಬಿಳಿ ಕೋಟು ತೆಗೆದು ಮೊಳೆಗೆ ನೇತುಹಾಕಿದೆ.

"ನೋಡಿ, ಇದು ನಿಮ್ಮಮ್ಮ ಹೇಳೋ ಮಾತ್ರೆ ಅಲ್ಲ. ಇದರಿಂದ ಅವಳಿಗೆ ಹಾಗಾಗಿಲ್ಲ. ಅಷ್ಟು ಹೇಳ್ತೀನಿ. ಮಿಕ್ಕಿದ್ದನ್ನ ಅವಳೇ ಹೇಳಬೇಕು. ನನ್ನನ್ನ ಅವಳ ಹತ್ರ ಕರ್ಕೊಂಡು ಹೋಗಿ."

ಸೇಠ್ ಪೇಪರ್ ಮಡಚಿಟ್ಟು ಎದ್ದು ಬಂದು ನನ್ನ ಜಾಗದಲ್ಲಿ ನಿಂತರು. ಹೋಗಿ ಬಾ ಎಂಬಂತೆ ಕೈ ಮಾಡಿದರು. ಆಟೋದಲ್ಲಿ ಅವನು ಆ ಚೌಕವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿರುಗಿಸುತ್ತಲೇ ಇದ್ದ.

ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಹಾಸಿಗೆ. ಎಡಗೈಗೆ ಮೊಣಕೈವರೆಗೂ ಬ್ಯಾಂಡೇಜು. ಸ್ಟೂಲಿನ ಮೇಲೆ ಅತ್ತೆ ಕುಳಿತಿದ್ದರು, ಕಾಟನ್ ಸೀರೆ, ದೊಡ್ಡ ಕುಂಕುಮ. ಗಂಡನ ಹಿಂದೆ ನನ್ನನ್ನು ಕಂಡ ಕೂಡಲೇ ಹುಡುಗಿ ಕಣ್ಣು ಮುಚ್ಚಿಕೊಂಡಳು. ಐದು ನಿಮಿಷ ಅವಳ ಜೊತೆ ಒಬ್ಬಳೇ ಮಾತಾಡಬೇಕು ಎಂದು ಕೇಳಿದೆ. ಅತ್ತೆ ಏಳಲಿಲ್ಲ. ಮಗ ತುಳುವಿನಲ್ಲಿ ಏನೋ ಹೇಳಿದ ಮೇಲೆ ಅವನ ಜೊತೆ ವಾರ್ಡಿನ ಬಾಗಿಲವರೆಗೆ ಹೋಗಿ ಅಲ್ಲೇ ನಮ್ಮತ್ತ ನೋಡುತ್ತ ನಿಂತರು.

"ನಾನೇನೂ ಹೇಳಿಲ್ಲ," ಎಂದೆ.

ಅವಳು ಕಣ್ಣು ಬಿಟ್ಟಳು. ನಡೆದದ್ದನ್ನು ಸಣ್ಣ ದನಿಯಲ್ಲಿ ಹೇಳಿದಳು. ನಾನು ಹೋದ ನಾಲ್ಕನೇ ದಿನ ಬೇಳೆಯಲ್ಲಿ ಹುಳ ಕಂಡಿತೆಂದು ಅತ್ತೆ ಡಬ್ಬವನ್ನು ಪೂರ್ತಿ ಮೊರಕ್ಕೆ ಸುರಿದರಂತೆ. ಮಾತ್ರೆಯ ಗಂಟು ಬಿದ್ದು ಬಿಚ್ಚಿಕೊಂಡಿತು. ಮದುವೆಯಾಗಿ ಇಷ್ಟು ದಿನವಾದರೂ ಮಗು ಯಾಕಿಲ್ಲ ಎಂದು ಈಗ ತಿಳಿಯಿತು ಎಂದು ಅವರು ಅತ್ತರಂತೆ, ಬೈದರಂತೆ, ಎಲ್ಲವನ್ನೂ ತೆಗೆದು ಚಾಳಿನ ಹಿಂದಿನ ಗಟಾರಕ್ಕೆ ಎಸೆದರಂತೆ. ಒಂದು ಮಾತ್ರೆ ಮಾತ್ರ ಬೇಳೆಯಲ್ಲಿ ಉಳಿದುಹೋಗಿತ್ತು.

"ನೀನು ಅಲ್ಲ ಅನ್ನಲಿಲ್ವಾ?"

"ಇಲ್ಲ ಅಕ್ಕ. ಹೌದು ಅಂತ ಹೇಳಿದೆ." ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿದಳು. "ಮಕ್ಕಳು ಬೇಡ ಅಂತ ತಿಂದೆ ಅಂದ್ರೆ ಬೈತಾರೆ. ಫಿಟ್ಸ್ ಅಂದ್ರೆ ಬಿಡ್ತಾರೆ."

ಆಮೇಲೆ ನಾಲ್ಕು ದಿನ ಮಾತ್ರೆ ಇಲ್ಲದೆ ಕಳೆದಿದ್ದಳು. ಒಮ್ಮೆ ಸೇಠ್ ಹತ್ತಿರವೇ ಕೇಳೋಣವೆಂದು ಅಂಗಡಿಯವರೆಗೆ ಬಂದು, ಕೇಳಲಾರದೆ ವಾಪಸು ಹೋಗಿದ್ದಳು. ಐದನೇ ದಿನ ಬೆಳಿಗ್ಗೆ ಬಿದ್ದಳು. ನೆರೆಮನೆಯ ಹೆಂಗಸು ಓಡಿ ಬಂದು ಮುಷ್ಟಿಯಲ್ಲಿ ಬೀಗದ ಕೈಗೊಂಚಲು ತುರುಕಿದರಂತೆ. ಸುಟ್ಟಿದ್ದ ಅದೇ ಕೈಗೆ.

"ಡಾಕ್ಟರಿಗೆ ಹೇಳಲೇಬೇಕು ಕಣಮ್ಮ. ಅವರು ಏನೂ ಗೊತ್ತಿಲ್ಲದೆ ಔಷಧಿ ಕೊಡ್ತಾ ಇದ್ದಾರೆ."

"ನೀವೇ ಹೇಳಿ. ಇವರಿಗೂ ನೀವೇ ಹೇಳಿ."

"ಡಾಕ್ಟರ ಹತ್ರ ನಾನೂ ಬರ್ತೀನಿ. ನಿನ್ನ ಗಂಡನಿಗೆ ನೀನೇ ಹೇಳು. ನಾನು ಪಕ್ಕದಲ್ಲೇ ಇರ್ತೀನಿ."

ಅವಳು ಬಾಗಿಲಲ್ಲಿದ್ದ ಗಂಡನನ್ನು ತಲೆಯಾಡಿಸಿ ಕರೆದಳು. ಅವನು ಬಂದ, ತಾಯಿಯೂ ಹಿಂದೆಯೇ ಬಂದರು. ಅವಳು ತುಳುವಿನಲ್ಲಿ ಹೇಳಿದಳು. ನನಗೆ ತುಳು ಅರ್ಧಂಬರ್ಧ ಮಾತ್ರ ಅರ್ಥವಾಗುತ್ತದೆ. ಮದುವೆಯ ದಿನದಿಂದ ಬಚ್ಚಿಟ್ಟ ಸಂಗತಿ ನಾಲ್ಕೈದು ಪುಟ್ಟ ವಾಕ್ಯಗಳಲ್ಲಿ ಮುಗಿದುಹೋಯಿತು. ಅತ್ತೆ ನನ್ನತ್ತ ಒಮ್ಮೆ ನೋಡಿದರು. ಸ್ಟೂಲಿನ ಕೆಳಗಿದ್ದ ತಮ್ಮ ಚೀಲ ಎತ್ತಿಕೊಂಡು ವರಾಂಡಕ್ಕೆ ನಡೆದರು. ಅವನು ಹಾಸಿಗೆಯ ಕಬ್ಬಿಣದ ಸರಳು ಹಿಡಿದು ನಿಂತೇ ಇದ್ದ.

ಡಾಕ್ಟರು ಸಣ್ಣ ವಯಸ್ಸಿನ ಮರಾಠಿ ಹೆಂಗಸು. ಕಣ್ಣ ಕೆಳಗೆ ನಿದ್ದೆಗೆಟ್ಟ ಗೆರೆ. ಮಾತ್ರೆ ನೋಡಿದರು, ಮೊಬೈಲಿನ ಚೀಟಿ ದೊಡ್ಡದು ಮಾಡಿ ನೋಡಿದರು. ನಾನು ಯಾರು ಎಂದು ಹೇಳಿದೆ. ಅವರು ಹಿಂದಿಯಲ್ಲಿ, ಒಂದೊಂದೇ ಪ್ರಶ್ನೆ ಕೇಳಿದರು.

"ಈ ಚೀಟಿಗೆ ಹೆಚ್ಚುಕಡಿಮೆ ಐದು ವರ್ಷ. ಇದರ ಮೇಲೆ ಕೊಡುತ್ತಾ ಬಂದಿರಾ?"

"ಹೌದು."

"ಮಗು ಬೇಕೆಂದು ಹರಕೆ ಹೊತ್ತಿದ್ದಾರಂತೆ. ಈ ಮಾತ್ರೆಯ ಮೇಲೆ ಗರ್ಭ ನಿಂತಿದ್ದರೆ ಮಗುವಿನ ಬೆನ್ನುಹುರಿಗೆ ಏನಾಗಬಹುದಿತ್ತು, ನಿಮಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು," ಎಂದೆ.

ಗೊತ್ತಿರಲಿಲ್ಲ ಎಂದಿದ್ದರೆ ಬೈಯುತ್ತಿದ್ದರೇನೋ. ಗೊತ್ತಿತ್ತು ಎಂದದ್ದಕ್ಕೆ ಪೆನ್ನು ಕೆಳಗಿಟ್ಟರು. ಈ ನಾಲ್ಕು ದಿನ ಬಿಟ್ಟರೆ ಒಂದು ಹೊತ್ತೂ ತಪ್ಪಿಸಿಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. ಇಲ್ಲಿಗೆ ಬರುವವರು ಮೂರು ತಿಂಗಳಿಗೆ ಬಿಟ್ಟುಬಿಡುತ್ತಾರೆ ಎಂದರು. ಅದನ್ನು ಮೆಚ್ಚಿಗೆಯೆಂದು ತೆಗೆದುಕೊಳ್ಳುವ ಧೈರ್ಯ ನನಗಾಗಲಿಲ್ಲ. ತಪ್ಪದೆ ನುಂಗಿಸುವುದನ್ನೇ ನನ್ನ ಕೆಲಸ ಎಂದುಕೊಂಡಿದ್ದೆ. ನುಂಗಿಸುತ್ತಿರುವುದು ಇವಳಿಗೆ ಇನ್ನೂ ಸರಿಯೇ ಎಂದು ಕೇಳುವುದೂ ನನ್ನದೇ ಕೆಲಸವಾಗಿತ್ತು. ಬೇರೆ ಮಾತ್ರೆ ಶುರು ಮಾಡಿ, ಹಳೆಯದನ್ನು ವಾರವಾರಕ್ಕೂ ಇಳಿಸುತ್ತಾ ಬರಬೇಕು, ಅಲ್ಲಿಯವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಬೇಕು ಎಂದು ಅವರು ಒಂದು ಹಾಳೆಯಲ್ಲಿ ಬರೆದು, ಗಂಡನನ್ನು ಕರೆದು ವಿವರಿಸಿದರು.

ಹೊರಡುವಾಗ ಅವನು ನನ್ನ ಜೊತೆ ಮೆಟ್ಟಿಲು ಇಳಿದು ಬಂದ. ಕೊನೆಯ ಮೆಟ್ಟಿಲಲ್ಲಿ ನಿಂತುಬಿಟ್ಟ.

"ನಿಮಗೆ ಹೇಳಿದ್ಳು. ನನಗೆ ಯಾಕೆ ಹೇಳ್ಲಿಲ್ಲ?"

ಉತ್ತರವನ್ನೂ ಅವನೇ ಹೇಳಿದ.

"ನಮ್ಮ ಹೋಟೆಲಲ್ಲಿ ಒಬ್ಬ ಅಡುಗೆಯವನಿದ್ದ. ಎಣ್ಣೆ ಬಾಣಲೆ ಹತ್ರ ಫಿಟ್ಸ್ ಬಂದು ಬಿದ್ದ. ಎಂತ ಆಗ್ಲಿಲ್ಲ, ಆದ್ರೂ ಓನರ್ ಇಟ್ಟುಕೊಳ್ಳಲಿಲ್ಲ. ಊರಿಗೆ ಕಳಿಸಿದ್ರು. ಟಿಕೆಟ್ ಮಾಡಿಸಿ ರೈಲು ಹತ್ತಿಸಿದ್ದು ನಾನೇ. ನಮ್ಮ ಮದುವೆಯಾಗಿ ಹದಿನೈದು ದಿನ ಆಗಿತ್ತಷ್ಟೆ. ಮನೆಗೆ ಬಂದು ಇವಳಿಗೆ ಹೇಳಿದೆ. ಅಂಥವರನ್ನು ಇಟ್ಟುಕೊಂಡು ಎಂತ ಮಾಡುದು ಅಂತ ಹೇಳಿದೆ ಮೇಡಂ. ಊಟ ಮಾಡ್ತಾ ಹೇಳಿದೆ. ಇವಳು ಬಡಿಸ್ತಾ ಇದ್ಳು."

ಅವನು ಅಳಲಿಲ್ಲ. ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡ, ಅಷ್ಟೆ.

ಆದರೂ ಆ ವಾರವೇ ಅವಳನ್ನು ತಾಯಿಯ ಮನೆಗೆ ಕಳಿಸಿದರು. ತಂದೆ ಬಂದು ಕರೆದುಕೊಂಡು ಹೋದರು. ಕೈ ಗುಣವಾಗುವವರೆಗೆ ಎಂದು ಹೇಳಿದ್ದರೂ ಬಟ್ಟೆಯೆಲ್ಲ ಕಟ್ಟಿಕೊಟ್ಟಿದ್ದರಂತೆ. ಮೋಸ ಮಾಡಿ ಮದುವೆ ಮಾಡಿದರು ಎಂಬುದು ಅತ್ತೆಯ ಮಾತು. ಅದರಲ್ಲಿ ಸುಳ್ಳೇನಿರಲಿಲ್ಲ. ನಾನು ದಿನವೂ ಆ ಚಾಳಿನ ಮುಂದೆ ಹಾದು ಅಂಗಡಿಗೆ ಹೋಗಬೇಕಿತ್ತು. ಅತ್ತೆ ಬಾಗಿಲಲ್ಲಿ ಕುಳಿತಿದ್ದರೆ ನನ್ನನ್ನು ಕಂಡು ಮುಖ ತಿರುಗಿಸುತ್ತಿದ್ದರು. ನಾನು ಮಾತನಾಡಿಸಲಿಲ್ಲ. ಜನವರಿ, ಫೆಬ್ರವರಿ ಕಳೆಯಿತು. ಅವಳು ಫೋನ್ ಮಾಡಲಿಲ್ಲ. ಅವಳಿಗಾಗಿ ತರಿಸಿಟ್ಟಿದ್ದ ಎರಡು ಸ್ಟ್ರಿಪ್ಪುಗಳನ್ನು ನಾನು ಕಂಪನಿಗೆ ವಾಪಸು ಕಳಿಸಿದೆ.

ಮಾರ್ಚಿನ ಒಂದು ಸಂಜೆ ಅವನು ಬಂದ. ಮೊಬೈಲಿನಲ್ಲಿ ಚೀಟಿ ತೋರಿಸಿದ. ಊರಿನ ದೊಡ್ಡ ಆಸ್ಪತ್ರೆಯದು, ಹಿಂದಿನ ವಾರ ಬರೆದದ್ದು, ಹೊಸ ಮಾತ್ರೆ. "ಒಂದು ತಿಂಗಳದ್ದು ಕೊಡಿ. ನಾಳೆ ರೈಲಿಗೆ ಬರ್ತಾಳೆ," ಎಂದ. ತಾನೇ ಎರಡು ಸಲ ಹೋಗಿ ಬಂದೆ ಎಂದ. ತಾಯಿ ಒಪ್ಪಿದರೇ ಎಂದು ಕೇಳಿದೆ.

"ಒಪ್ಪಲಿಲ್ಲ. ಬರ್ಲಿ ಅಂತ ಹೇಳಿದ್ದಾರೆ."

ಮಾತ್ರೆ ತೆಗೆದುಕೊಂಡ ಮೇಲೂ ಅವನು ಹೋಗಲಿಲ್ಲ. ಶರ್ಟಿನ ಜೇಬಿನಿಂದ ಹೋಟೆಲಿನ ಆರ್ಡರ್ ಪುಸ್ತಕ ತೆಗೆದ. "ಪುನಃ ಬಂದ್ರೆ ಎಂತ ಮಾಡ್ಬೇಕು? ಸರಿಯಾಗಿ ಹೇಳಿ, ಬರ್ಕೊಳ್ತೇನೆ." ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ತಲೆಯಡಿಗೆ ಮೆತ್ತಗಿನದು ಏನಾದರೂ ಇಡಬೇಕು, ಬಾಯಿಗೆ ಏನನ್ನೂ ಹಾಕಬಾರದು, ಬೀಗದ ಕೈ, ಈರುಳ್ಳಿ ಯಾವುದೂ ಬೇಡ, ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಎಂದು ಹೇಳಿದೆ. ಇಡ್ಲಿ ವಡೆ ಬರೆಯುವ ಹಾಳೆಯಲ್ಲಿ ಒಂದೊಂದನ್ನೇ ಬರೆದುಕೊಂಡ. ಅಮ್ಮನಿಗೂ ಓದಿ ಹೇಳುತ್ತೇನೆ ಎಂದ.

ಅವಳು ಬಂದಳು. ಕೈಯ ಮೇಲೆ ಗಾಯದ ಚರ್ಮ ಬೇರೆಯೇ ಬಣ್ಣಕ್ಕೆ ತಿರುಗಿತ್ತು. ಮಾತ್ರೆ ಈಗ ಮನೆಯಲ್ಲೇ, ದೇವರ ಪಟದ ಪಕ್ಕದ ಹಲಗೆಯ ಮೇಲೆ ಇತ್ತು. ಹೀಗಾಗಿ ದಿನಕ್ಕೆ ಎರಡು ಸಲ ನನ್ನ ಹತ್ತಿರ ಬರುವ ಕಾರಣ ಇರಲಿಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದಳು. ಆ ಡಿಸೆಂಬರಿನ ವಿಷಯ ನಾವು ಬಹಳ ದಿನ ಎತ್ತಲಿಲ್ಲ. ಒಂದು ದಿನ ನಾನೇ ಎತ್ತಿದೆ. ಆ ಕಾಗದದಲ್ಲಿ ಬರೆದದ್ದು ನನಗೆ ಮೊದಲಿನಿಂದಲೂ ಗೊತ್ತಿತ್ತು, ನಿನಗೆ ಹೇಳಲಿಲ್ಲ ಎಂದೆ. ಅವಳು ಸುಟ್ಟ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು.

"ಡಾಕ್ಟರು ಹೇಳಿದ್ರು ಅಕ್ಕ. ಆ ರಾತ್ರಿ ನಿಮ್ಮ ಮೇಲೆ ಸಿಟ್ಟು ಬಂತು," ಎಂದಳು. ಪ್ಯಾಕೆಟ್ಟನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, "ಹೇಳಿದ್ರೆ ನಾನು ಬಿಡ್ತಿದ್ದೆ ಮಾತ್ರೆ. ಅದೂ ಗೊತ್ತುಂಟು," ಎಂದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಹೊಸ ಮಾತ್ರೆಯಲ್ಲೂ ಒಮ್ಮೆ ಫಿಟ್ಸ್ ಬಂತು, ಒಂದು ಹೊತ್ತೂ ತಪ್ಪಿಸದಿದ್ದರೂ. ಹಾಗೂ ಆಗುತ್ತದೆ. ಆಗ ಮನೆಯಲ್ಲಿದ್ದವರು ಅತ್ತೆಯೊಬ್ಬರೇ. ಪಕ್ಕಕ್ಕೆ ಹೊರಳಿಸಿ, ಗಡಿಯಾರದ ಮುಂದೆ ಕುಳಿತು, ಬಂದವರನ್ನೆಲ್ಲ ಬಾಗಿಲಲ್ಲೇ ತಡೆದರಂತೆ. ನನ್ನ ಜೊತೆ ಮಾತ್ರ ಅವರು ಇವತ್ತಿಗೂ ಮಾತನಾಡಿಲ್ಲ. ತಮ್ಮ ಬಿಪಿ ಮಾತ್ರೆಗೆ ಎದುರಿನ ಅಂಗಡಿಗೆ ಹೋಗುತ್ತಿದ್ದರು.

ಆಮೇಲೆ ನಾನು ಅಂಗಡಿಯಲ್ಲಿ ಹಳೆಯ ಚೀಟಿಗಳನ್ನು ಕೇಳಿ ನೋಡಲು ಶುರು ಮಾಡಿದೆ. ಡಾಕ್ಟರನ್ನು ಕಂಡು ಎಷ್ಟು ದಿನವಾಯಿತು ಎಂದು ಎಲ್ಲರನ್ನೂ ಕೇಳುತ್ತೇನೆ. ಕೆಲವರು ಹೋಗಿ ತೋರಿಸಿಕೊಂಡು ಬರುತ್ತಾರೆ. ಹೆಚ್ಚಿನವರು ಚೀಟಿ ಕಿತ್ತುಕೊಂಡು ರಸ್ತೆ ದಾಟುತ್ತಾರೆ, ಅಲ್ಲಿ ಸಿಗುತ್ತದೆ. ಸೇಠ್ ಒಂದೆರಡು ಸಲ ಗೊಣಗಿದರು, ನಿಲ್ಲಿಸು ಎನ್ನಲಿಲ್ಲ. ಕೊಟ್ಟದ್ದು ತಪ್ಪೋ, ಕೊಡದೆ ಕಳಿಸುವುದು ತಪ್ಪೋ ಎಂಬುದು ಪ್ರತಿ ಮುಖದ ಮುಂದೆಯೂ ಹೊಸದಾಗಿ ಎದುರಾಗುತ್ತದೆ. ಒಂದು ನಿಯಮ ಇಟ್ಟುಕೊಂಡು ನಿಶ್ಚಿಂತೆಯಿಂದ ಇರಲು ನನಗೆ ಆಗಿಲ್ಲ.

ಎರಡು ವರ್ಷದ ಹಿಂದೆ ಅವಳ ಗಂಡನಿಗೆ ಗೋರೆಗಾಂವ್‌ನ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಕೆಲಸ ಸಿಕ್ಕಿತು. ಮೂವರೂ ಅಲ್ಲಿಗೆ ಮನೆ ಬದಲಿಸಿದರು. ಮಕ್ಕಳಾಗಿಲ್ಲ. ಡಾಕ್ಟರು ಈಗ ಆಗಬಹುದು ಎಂದಿದ್ದಾರಂತೆ, ನೋಡುವಾ ಎನ್ನುತ್ತಾಳೆ. ಯುಗಾದಿಗೆ, ದೀಪಾವಳಿಗೆ ಫೋನ್ ಮಾಡುತ್ತಾಳೆ. ಕಳೆದ ಸಲ ಮಾತನಾಡುವಾಗ, ಮಾತ್ರೆ ಎಲ್ಲಿ ತಗೋತೀಯ, ಅಲ್ಲಿಯ ಮೆಡಿಕಲಿನವರು ಹೇಗೆ ಎಂದು ವಿಚಾರಿಸಿದೆ.

"ಬಿಲ್ಡಿಂಗಿನ ಕೆಳಗೇ ಉಂಟು ಅಕ್ಕ. ಹೊಸ ಚೀಟಿ ಕೊಟ್ರೆ ನೋಡ್ತಾರೆ, ಪ್ಯಾಕೆಟ್ ಕೊಡ್ತಾರೆ. ಮುಖ ಎತ್ತಿ ನೋಡುದೂ ಇಲ್ಲ," ಎಂದಳು. "ಅಲ್ಲಿ ನಾನು ಎಲ್ಲರ ಹಾಗೆ ಒಬ್ಬ ಗಿರಾಕಿ."

ಒಂದು ಗಳಿಗೆ ನನಗೆ ನೋವಾಯಿತು. ಆದರೆ ಅವಳು ಅದನ್ನು ದೂರಿನಂತೆ ಹೇಳಿರಲಿಲ್ಲ. ಅವಳ ದನಿಯಲ್ಲಿ ನೆಮ್ಮದಿ ಇತ್ತು.